ಮನೆಯ ಕಾರ್ಬನ್ ಲೆಕ್ಕ: ಚಾರ್ಜರ್ ಹಗುರ, ಬಿಸಿನೀರು ಭಾರ

ಪ್ರಶ್ನೆ: ನನಗೆ 54 ವರ್ಷ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಕಾಲೇಜಿಗೆ ಹೋಗುವ ಮಗ ಮತ್ತು 78 ವರ್ಷದ ಅತ್ತೆ ಇದ್ದೇವೆ. ಮಗಳು ದೂರದ ದೇಶದಲ್ಲಿದ್ದಾಳೆ. ವರ್ಷಕ್ಕೊಮ್ಮೆ ವಿಮಾನದಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ. ಮನೆಯ ಕಾರ್ಬನ್ ಹೆಜ್ಜೆಗುರುತು, ಅಂದರೆ ನಮ್ಮಿಂದ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್‌ನಂಥ ಭೂಮಿ ಬಿಸಿ ಮಾಡುವ ಅನಿಲಗಳ ಲೆಕ್ಕ, ಕಡಿಮೆ ಮಾಡಬೇಕು ಅಂತ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ರಾತ್ರಿ ಮಲಗುವ ಮುಂಚೆ ನಾಲ್ಕೂ ಚಾರ್ಜರ್ ಕಿತ್ತಿಡುತ್ತೇನೆ. 12 ಬಟ್ಟೆ ಚೀಲ ಕೂಡಿಸಿದ್ದೇನೆ. ಹಳೇ ಇಮೇಲ್‌ಗಳನ್ನು ಕೂತು ಅಳಿಸುತ್ತೇನೆ. ದೂರದಿಂದ ಬಂದ ತರಕಾರಿ ಬೇಡವೆಂದು ವಾರಕ್ಕೊಮ್ಮೆ ಕಾರಿನಲ್ಲಿ 12 ಕಿ.ಮೀ. ಹೋಗಿ ಬೆಳೆದವರ ಹತ್ತಿರವೇ ತರುತ್ತೇನೆ. ಇಷ್ಟೆಲ್ಲ ಮಾಡಿದರೂ ಒಂದು ಆಪ್ ನನ್ನ ಲೆಕ್ಕ ವರ್ಷಕ್ಕೆ 3 ಟನ್ ಅನ್ನುತ್ತದೆ, ಇನ್ನೊಂದು 6 ಟನ್ ಅನ್ನುತ್ತದೆ. ತಮ್ಮ ನಗುತ್ತಾನೆ. "100 ಕಂಪನಿಗಳೇ 71% ಹೊಗೆ ಬಿಡ್ತವೆ, ನೀನು ಸುಮ್ನಿರಕ್ಕಾ" ಅನ್ನುತ್ತಾನೆ. ಲೈಟು, ಚಾರ್ಜರ್ ವಿಷಯಕ್ಕೆ ಯಜಮಾನರ ಜೊತೆ, ಮಗನ ಜೊತೆ ದಿನಾ ಮಾತಿಗೆ ಮಾತು. ವರ್ಷಕ್ಕೆ 4,000 ಕಿ.ಮೀ. ಓಡುವ ನಮ್ಮ 9 ವರ್ಷದ ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಲೇ? ಅತ್ತೆಯವರ ಕೋಣೆಯ ಎಸಿ ತೆಗೆಸಿಬಿಡಲೇ? ಅದಕ್ಕೆ ಹೇಗೂ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಬೇಕು. ವಿಮಾನ ಹತ್ತಿದ್ದಕ್ಕೆ ಹತ್ತು ಗಿಡ ನೆಟ್ಟರೆ ಸರಿಹೋಗುತ್ತದಾ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಿಮ್ಮ ಸುಸ್ತು ಕಾಣಿಸಿತು. ಎರಡನೇ ಸಲ ಓದುವಾಗ ಒಂದು ವಾಕ್ಯದ ಮೇಲೆ ಕಣ್ಣು ನಿಂತಿತು. "ಅದಕ್ಕೆ ಹೇಗೂ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಬೇಕು" ಎಂದು ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ. ವಿಮಾನವೊಂದನ್ನು ಬಿಟ್ಟರೆ ನಿಮ್ಮ ಇಡೀ ಪತ್ರದಲ್ಲಿ ಬಹುಶಃ ಅದೇ ಎಲ್ಲಕ್ಕಿಂತ ಭಾರದ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಕರೆಂಟು, ಇಂಧನ ಎಲ್ಲಿ ಖರ್ಚಾಗುತ್ತಿದೆ ಎಂದು ಅಳೆದು ಹೇಳುವುದು ನನ್ನ ಕೆಲಸ. ಎಲ್ಲ ಕಡೆ ನೋಡುವುದು ಒಂದೇ. ಜನರಿಗೆ ಮನಸ್ಸಿಲ್ಲ ಅಂತಲ್ಲ, ಯಾವುದು ಎಷ್ಟು ತೂಕ ಅನ್ನುವ ಅಂದಾಜು ಇರುವುದಿಲ್ಲ. ಕಣ್ಣಿಗೆ ಬೀಳುವ ಪ್ಲಾಸ್ಟಿಕ್ಕು, ಉರಿಯುವ ಲೈಟು, ಚಾರ್ಜರಿನ ಕೆಂಪು ಚುಕ್ಕಿ ದೊಡ್ಡದಾಗಿ ಕಾಣುತ್ತವೆ. ಬಿಸಿನೀರಿಗೆ, ಸೋರುವ ಗ್ಯಾಸಿಗೆ ಬಣ್ಣವೇ ಇಲ್ಲ. ಹಾಗಾಗಿ ಮೊದಲು ಒಂದು ತಕ್ಕಡಿ ಇಟ್ಟುಕೊಳ್ಳೋಣ.

ತೂಕದ ಕಲ್ಲು ಪೆಟ್ರೋಲ್ ಆಗಲಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ 2.3 ಕೆ.ಜಿ. ಹೇಗೆ ಬಂತು ಎಂದು ತುಂಬಾ ಜನ ಕೇಳುತ್ತಾರೆ. ಪೆಟ್ರೋಲಿನಲ್ಲಿರುವ ಇಂಗಾಲದ ಒಂದೊಂದು ಪರಮಾಣುವೂ ಉರಿಯುವಾಗ ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಎಳೆದುಕೊಳ್ಳುತ್ತದೆ. ಹೆಚ್ಚಿನ ತೂಕ ಆ ಆಮ್ಲಜನಕದ್ದು. ಕರೆಂಟಿನ ಲೆಕ್ಕಕ್ಕೆ ಇನ್ನೊಂದು ಕಲ್ಲು ಬೇಕು. ಪೂರ್ತಿ ಕಲ್ಲಿದ್ದಲಿನಿಂದ ಬಂದ ಕರೆಂಟಾದರೆ ಒಂದು ಯೂನಿಟ್‌ಗೆ ಸುಮಾರು 1 ಕೆ.ಜಿ. ಪ್ರಪಂಚದ ಸರಾಸರಿ ಹಿಡಿದರೆ ಸುಮಾರು ಅರ್ಧ ಕೆ.ಜಿ. ನಾನು ಇಲ್ಲಿ ಕಲ್ಲಿದ್ದಲನ್ನೇ ಹಿಡಿದು ಹೇಳುತ್ತೇನೆ. ಲೆಕ್ಕ ತಪ್ಪಿದರೂ ಹೆಚ್ಚಿನ ಕಡೆಗೇ ತಪ್ಪಲಿ.

ಈಗ ನಿಮ್ಮ ಚಾರ್ಜರ್ ತೂಗೋಣ. ಇತ್ತೀಚಿನ ಚಾರ್ಜರ್ ಸುಮ್ಮನೆ ಪ್ಲಗ್‌ನಲ್ಲಿದ್ದರೆ ಸುಮಾರು 0.1 ವ್ಯಾಟ್ ಎಳೆಯುತ್ತದೆ. ಇಡೀ ವರ್ಷ ಹಾಗೇ ಬಿಟ್ಟರೂ ಒಂದು ಯೂನಿಟ್ ಆಗುವುದಿಲ್ಲ. ನಿಮ್ಮ ನಾಲ್ಕೂ ಚಾರ್ಜರ್ ಸೇರಿ ವರ್ಷಕ್ಕೆ ಒಂದೂವರೆ ಲೀಟರ್ ಪೆಟ್ರೋಲಿನಷ್ಟು.

ಬಿಸಿನೀರು ತೂಗೋಣ. ಶವರ್‌ನಲ್ಲಿ ನಿಮಿಷಕ್ಕೆ 8 ಲೀಟರ್ ಬಂದರೆ ಹತ್ತು ನಿಮಿಷದ ಸ್ನಾನಕ್ಕೆ 80 ಲೀಟರ್ ನೀರು. ಅದನ್ನು 20 ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸುಮಾರು 1.9 ಯೂನಿಟ್. ಅಂದರೆ ನಿಮ್ಮ ಮಗ ಒಂದು ದಿನ ಸ್ನಾನ ಮಾಡಿದರೆ ಒಂದು ಚಾರ್ಜರನ್ನು ಎರಡು ವರ್ಷ ಪ್ಲಗ್‌ನಲ್ಲೇ ಬಿಟ್ಟಷ್ಟು ಕರೆಂಟ್. ಅದೇ ಒಂದು ಬಕೆಟ್‌ನಲ್ಲಿ, 20 ಲೀಟರ್‌ನಲ್ಲಿ ಮುಗಿದರೆ ಅರ್ಧ ಯೂನಿಟ್ಟೂ ಬೇಡ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನೀವು ಕೇಳಬಹುದು. ಮಾತು ಸುಳ್ಳಲ್ಲ. ಆದರೆ ಕೊಡದ ತಳದಲ್ಲೇ ತೂತಿದ್ದರೆ ಹನಿ ಹಿಡಿಯುತ್ತ ಕೂರುವ ಮುಂಚೆ ತೂತು ಮುಚ್ಚಬೇಕು ಅಲ್ವಾ?

ನಿಮ್ಮ ಮನೆಯ ತೂತು ಆ ಎಸಿ. ಎಸಿಯೊಳಗಿನ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಯಂತ್ರ ಇರುವಷ್ಟು ಕಾಲವೂ ಅದೇ ಗ್ಯಾಸ್ ಸಾಕು. ಪ್ರತಿ ಬೇಸಿಗೆ ತುಂಬಿಸಬೇಕಾಗಿದೆ ಎಂದರೆ ಪ್ರತಿ ವರ್ಷ ತುಂಬಿಸಿದ್ದೆಲ್ಲ ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ. "ಗ್ಯಾಸ್ ಕಮ್ಮಿಯಾಗಿದೆ, ಟಾಪ್ ಅಪ್ ಮಾಡಿದ್ರೆ ಆಯ್ತು" ಅನ್ನುವ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಈ ಗ್ಯಾಸ್‌ಗಳು ಶಾಖ ಹಿಡಿದಿಡುವುದರಲ್ಲಿ ಬಹಳ ಗಟ್ಟಿ. ಸ್ಪ್ಲಿಟ್ ಎಸಿಗಳಲ್ಲಿ ತುಂಬಾ ಬಳಸಿದ ಆರ್-410ಎ ಎಂಬುದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ನ ಸುಮಾರು 2,000 ಪಟ್ಟು ಬಿಸಿ ಏರಿಸುತ್ತದೆ. ಅರ್ಧ ಕೆ.ಜಿ. ಸೋರಿದರೆ 1 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ನಮ್ಮ ತಕ್ಕಡಿಯಲ್ಲಿ 430 ಲೀಟರಿಗೂ ಹೆಚ್ಚು ಪೆಟ್ರೋಲ್. ನಿಮ್ಮ ಕಾರು ಇಡೀ ವರ್ಷಕ್ಕೆ ಅಷ್ಟು ಕುಡಿಯುವುದಿಲ್ಲ. ಹೊಸ ಎಸಿಗಳಲ್ಲಿರುವ ಆರ್-32 ಇದರ ಮೂರನೇ ಒಂದು ಪಾಲು, 675 ಪಟ್ಟು. ಆರ್-290 ಎಂದರೆ ಪ್ರೊಪೇನ್. ಅದರದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇಂಥ ಗ್ಯಾಸ್‌ಗಳನ್ನು ಕ್ರಮೇಣ ಕಡಿಮೆ ಮಾಡಲು ದೇಶಗಳು 2016ರಲ್ಲಿ ರುವಾಂಡಾದ ಕಿಗಾಲಿ ನಗರದಲ್ಲಿ ಒಪ್ಪಂದ ಮಾಡಿಕೊಂಡಿವೆ. ಆದರೆ ನಿಮ್ಮ ಗೋಡೆಯ ಮೇಲಿರುವ ಯಂತ್ರವನ್ನು ನೀವೇ ನೋಡಿಕೊಳ್ಳಬೇಕು.

ಒಂದು ಮನೆಯ ನೆನಪು ಹೇಳುತ್ತೇನೆ. ಛಾವಣಿ ತುಂಬ ಸೋಲಾರ್, ಒಂದೂ ಹಳೇ ಬಲ್ಬ್ ಇಲ್ಲ, ಆ ಮನೆಯವರು ಹೆಮ್ಮೆಯಿಂದ ಎಲ್ಲ ತೋರಿಸಿದರು. ಅವರ ಎಸಿಗೂ ಮೂರು ಬೇಸಿಗೆಯಿಂದ ಗ್ಯಾಸ್ ತುಂಬಿಸುತ್ತಿದ್ದರು. ಹೊರಗಿನ ಯಂತ್ರಕ್ಕೆ ತಾಮ್ರದ ಕೊಳವೆ ಸೇರುವ ಕಡೆ ಹಿತ್ತಾಳೆಯ ನಟ್ ಇರುತ್ತದಲ್ಲ, ಅದರ ಕೆಳಗೆ ಧೂಳು ಅಂಟಿದ ಎಣ್ಣೆಯ ಕಲೆ ಇತ್ತು. ಗ್ಯಾಸ್ ಸೋರುವಾಗ ಕಂಪ್ರೆಸರಿನ ಎಣ್ಣೆಯನ್ನೂ ಜೊತೆಗೆ ಒಂಚೂರು ತರುತ್ತದೆ. ಬಟ್ಟಲಿನಲ್ಲಿ ಸೋಪಿನ ನೀರು ಕದಡಿ ಬ್ರಷ್‌ನಲ್ಲಿ ಹಚ್ಚಿದೆವು. ನಟ್‌ನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಮೂರು ವರ್ಷದ ರಿಪೇರಿ ಅಷ್ಟೇ ಇತ್ತು. ಕೊಳವೆಯ ತುದಿ ಹೊಸದಾಗಿ ಅಗಲಿಸಿ ನಟ್ ಬಿಗಿ ಮಾಡಿದ ಮೇಲೆ ಗ್ಯಾಸ್ ಕೇಳಲೇ ಇಲ್ಲ.

ಹಾಗಾಗಿ ಮೆಕ್ಯಾನಿಕ್ ಬಂದಾಗ "ಗ್ಯಾಸ್ ಹಾಕಿ" ಅನ್ನಬೇಡಿ, "ಲೀಕ್ ಹುಡುಕಿ ಮುಚ್ಚಿ, ಆಮೇಲೆ ಗ್ಯಾಸ್ ಹಾಕಿ" ಎನ್ನಿ. ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಅವರ ಹತ್ತಿರ ಇದೆಯಾ ಎಂದೂ ಕೇಳಿ. ಇನ್ನೊಂದು ಎಚ್ಚರಿಕೆ. ಒಂದು ಗ್ಯಾಸ್‌ಗೆ ಮಾಡಿದ ಯಂತ್ರದಲ್ಲಿ ಬೇರೆ ಗ್ಯಾಸ್ ತುಂಬಿಸಲು ಬಿಡಬೇಡಿ. ಆರ್-32 ಮತ್ತು ಪ್ರೊಪೇನ್ ಎರಡೂ ಉರಿಯುವ ಗ್ಯಾಸ್‌ಗಳು. ಸೋರಿಕೆ ಒಳಗಿನ ಕಾಯಿಲ್‌ನಲ್ಲಿದ್ದು ಅದು ತುಕ್ಕು ಹಿಡಿದಿದ್ದರೆ ರಿಪೇರಿ ಬಾಳುವುದಿಲ್ಲ. ಆಗ ಹೊಸ ಯಂತ್ರವೇ ಸರಿ. ಹಳೆಯದರ ಗ್ಯಾಸ್ ತೆಗೆದ ಮೇಲೆಯೇ ಗುಜರಿಗೆ ಕೊಡಿ.

ಎಸಿಯನ್ನೇ ತೆಗೆಸಿಬಿಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. 78 ವರ್ಷದವರ ಮೈ ಬಿಸಿಲ ಝಳವನ್ನು ನಮ್ಮ ಹಾಗೆ ತಡೆಯುವುದಿಲ್ಲ. ಬಾಯಾರಿಕೆಯೂ ಅವರಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿ ಅಲೆ ಬಂದಾಗ ಹೆಚ್ಚು ಸಾಯುವವರು ವಯಸ್ಸಾದವರೇ. ಕಾರ್ಬನ್ ಉಳಿಸಲು ಅತ್ತೆಯವರ ಆರೋಗ್ಯ ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. 26 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಅಂದಾಜು 6% ಕರೆಂಟ್ ಉಳಿಯುತ್ತದೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿದರೆ ಇನ್ನೂ ಒಳ್ಳೆಯದು. ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಕೆಲಸ ಮಾಡುತ್ತದೆ, ಬಿಸಿಲು ಗಾಜು ದಾಟುವ ಮುಂಚೆಯೇ ನಿಲ್ಲುತ್ತದಲ್ಲ.

ಬಿಸಿನೀರಿನಲ್ಲೂ ಇಂಥದೇ ಒಂದು ಎಚ್ಚರಿಕೆ. ಗೀಸರಿನ ಬಿಸಿ ತುಂಬಾ ಇಳಿಸಿಬಿಡಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನೀರು ಶೇಖರಿಸಿಡುವ ಗೀಸರ್ ಆದರೆ ಹಾಗೆ ಮಾಡಬೇಡಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಶ್ವಾಸಕೋಶಕ್ಕೆ ಹೋದರೆ ವಯಸ್ಸಾದವರಿಗೆ ಅಪಾಯ. ತೊಟ್ಟಿಯಲ್ಲಿ 60 ಡಿಗ್ರಿ ಇರಲಿ. ಉಳಿತಾಯವನ್ನು ನೀರಿನ ಅಳತೆಯಲ್ಲಿ ಮಾಡಿ. ಕಡಿಮೆ ನೀರು ಬಿಡುವ ಶವರ್ ಹಾಕಿಸಿ, ಇಲ್ಲವೇ ಬಕೆಟ್ ಬಳಸಿ.

ಈಗ ಕಾರು. 4,000 ಕಿ.ಮೀ.ಗೆ, ಲೀಟರಿಗೆ 15 ಕಿ.ಮೀ. ಅಂದುಕೊಂಡರೆ 270 ಲೀಟರ್ ಪೆಟ್ರೋಲ್, ಸುಮಾರು 610 ಕೆ.ಜಿ. ಎಲೆಕ್ಟ್ರಿಕ್ ಕಾರು ಅಷ್ಟೇ ದೂರಕ್ಕೆ ಸುಮಾರು 600 ಯೂನಿಟ್ ತಿನ್ನುತ್ತದೆ. ಪೂರ್ತಿ ಕಲ್ಲಿದ್ದಲಿನ ಕರೆಂಟಾದರೆ ಎರಡೂ ಸಮಸಮ. ಪ್ರಪಂಚದ ಸರಾಸರಿ ಕರೆಂಟಾದರೆ ವರ್ಷಕ್ಕೆ 300 ಕೆ.ಜಿ. ಉಳಿತಾಯ. ಆದರೆ ಹೊಸ ಕಾರು, ಅದರ ಬ್ಯಾಟರಿ, ಉಕ್ಕು, ಅಲ್ಯೂಮಿನಿಯಂ ಎಲ್ಲ ತಯಾರಾಗುವಾಗಲೇ ಹಲವು ಟನ್ ಹೊರಗೆ ಬಿದ್ದಿರುತ್ತದೆ. ವರ್ಷಕ್ಕೆ 300 ಕೆ.ಜಿ.ಯಂತೆ ಆ ಸಾಲ ತೀರಿಸುವಷ್ಟರಲ್ಲಿ ಆ ಕಾರಿಗೇ ವಯಸ್ಸಾಗಿರುತ್ತದೆ.

ಇದನ್ನು ಓದಿ ಎಲೆಕ್ಟ್ರಿಕ್ ಕಾರು ಮೋಸ ಎಂದು ಯಾರೂ ತಿಳಿಯಬಾರದು. ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ, ಹೇಗೂ ಹೊಸ ಕಾರು ಕೊಳ್ಳಲೇಬೇಕಾದವರಿಗೆ ನಾನು ಎಲೆಕ್ಟ್ರಿಕ್ಕನ್ನೇ ಹೇಳುತ್ತೇನೆ. ಕರೆಂಟಿನಲ್ಲಿ ಸೂರ್ಯ, ಗಾಳಿಯ ಪಾಲು ಹೆಚ್ಚಿದಂತೆ ಅದು ವರ್ಷದಿಂದ ವರ್ಷಕ್ಕೆ ಇನ್ನೂ ಹಗುರವಾಗುತ್ತದೆ. ಪೆಟ್ರೋಲ್ ಕಾರಿಗೆ ಆ ಭಾಗ್ಯವಿಲ್ಲ. ನಿಮ್ಮ ಮಟ್ಟಿಗೆ ಹೇಳುವುದಾದರೆ ಇರುವ ಕಾರನ್ನು ಅದರ ಆಯುಷ್ಯ ಮುಗಿಯುವವರೆಗೆ ಓಡಿಸಿ, ಓಡಾಟ ಇನ್ನಷ್ಟು ಕಡಿಮೆ ಮಾಡಿ. ಟಯರಿನ ಗಾಳಿ ತಿಂಗಳಿಗೊಮ್ಮೆ ನೋಡಿಸಿ.

ಓಡಾಟ ಎಂದೆನಲ್ಲ, ಮೊದಲು ನಿಲ್ಲಿಸಬಹುದಾದ್ದು ಆ ತರಕಾರಿ ಪ್ರಯಾಣ. ಹೋಗಿ ಬಂದು 24 ಕಿ.ಮೀ. ಅಂದರೆ ವಾರಕ್ಕೆ 1.6 ಲೀಟರ್ ಪೆಟ್ರೋಲ್, ವರ್ಷಕ್ಕೆ 190 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಒಂದು ಚೀಲ ತರಕಾರಿ ಲಾರಿಯಲ್ಲಿ ಸಾವಿರಾರು ಚೀಲಗಳ ಜೊತೆ ಬಂದರೆ ಅದರ ಪಾಲಿಗೆ ಬೀಳುವ ಹೊಗೆ ಇದಕ್ಕಿಂತ ಎಷ್ಟೋ ಕಡಿಮೆ. ದೂರದಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ನಂಬಿಕೆ ಬಲವಾಗಿ ಕೂತಿದೆ. ಆದರೆ ಹೆಚ್ಚಿನ ಆಹಾರದಲ್ಲಿ ಸಾಗಾಟದ ಪಾಲು ಸಣ್ಣದು. ವಿಮಾನದಲ್ಲಿ ಬರುವ ಬೇಗ ಕೊಳೆಯುವ ಹಣ್ಣು ತರಕಾರಿ ಮಾತ್ರ ಬೇರೆ ವಿಷಯ. ಬೆಳೆದವರಿಗೆ ನೇರವಾಗಿ ಹಣ ಸೇರಲಿ ಎಂಬ ಆಸೆ ನಿಮಗಿದ್ದರೆ ಅದು ಒಳ್ಳೆಯ ಕಾರಣ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಸರದಿಯ ಮೇಲೆ ತನ್ನಿ.

ಆಹಾರದಲ್ಲಿ ತೂಕ ಇರುವುದು ಎರಡು ಕಡೆ. ಒಂದು, ಮೆಲುಕು ಹಾಕುವ ಪ್ರಾಣಿಗಳು. ದನ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಹಾಗಾಗಿ ಅವುಗಳ ಮಾಂಸ ಎಲ್ಲಕ್ಕಿಂತ ಭಾರ, ಚೀಸ್ ಕೂಡ ಭಾರವೇ, ಕೋಳಿ ಅದಕ್ಕಿಂತ ಹಗುರ, ಬೇಳೆಕಾಳು ತುಂಬಾ ಹಗುರ. ನೀವು ಏನು ತಿನ್ನಬೇಕು ಎಂದು ನಾನು ಹೇಳಲಾರೆ, ತೂಕ ಮಾತ್ರ ಹೇಳಬಲ್ಲೆ. ಎರಡನೆಯದು, ಎಸೆಯುವ ಆಹಾರ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಮನೆ, ಹೋಟೆಲ್, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಅದರಲ್ಲಿ 60% ಹಾಳಾದದ್ದು ಮನೆಗಳಲ್ಲೇ. ಒಂದು ವಾರ ಕಸಕ್ಕೆ ಹೋಗುವ ಆಹಾರವನ್ನು ಬೇರೆ ಡಬ್ಬಿಯಲ್ಲಿ ಹಾಕಿ ತೂಗಿ ನೋಡಿ. ಯಾವುದು ಹೆಚ್ಚಾಗುತ್ತಿದೆ ಎಂದು ತಾನೇ ಗೊತ್ತಾಗುತ್ತದೆ. ಏನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇಮೇಲ್ ಅಳಿಸುವುದನ್ನು ಇವತ್ತೇ ಬಿಟ್ಟುಬಿಡಿ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅದು. ಫೋನಿನ ವಿಷಯದಲ್ಲಿ ಮುಖ್ಯವಾದದ್ದು ಒಂದೇ. ಅದರ ಹೊಗೆಯ ಹೆಚ್ಚಿನ ಪಾಲು ಕಾರ್ಖಾನೆಯಲ್ಲೇ ಬಿದ್ದಿರುತ್ತದೆ. ಬ್ಯಾಟರಿ ಬದಲಾಯಿಸಿ ಎರಡು ವರ್ಷ ಹೆಚ್ಚಿಗೆ ಬಳಸಿದರೆ ಅದೇ ದೊಡ್ಡ ಉಳಿತಾಯ. ಬಟ್ಟೆ ಚೀಲವೂ ಹಾಗೇ. 2011ರಲ್ಲಿ ಬ್ರಿಟನ್ನಿನ ಪರಿಸರ ಸಂಸ್ಥೆ ಲೆಕ್ಕ ಹಾಕಿದಾಗ, ಹವಾಮಾನದ ದೃಷ್ಟಿಯಿಂದ ಹತ್ತಿ ಚೀಲವೊಂದನ್ನು 131 ಸಲ ಬಳಸಿದರೆ ಮಾತ್ರ ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಎಂದು ಬಂತು. ಪ್ಲಾಸ್ಟಿಕ್ ಬೀದಿಗೆ, ಸಮುದ್ರಕ್ಕೆ, ದನದ ಹೊಟ್ಟೆಗೆ ಸೇರುವುದು ಬೇರೆಯೇ ಸಮಸ್ಯೆ. ಅದಕ್ಕಾಗಿ ಬಟ್ಟೆ ಚೀಲ ಬೇಕೇ ಬೇಕು. ಆದರೆ 13ನೆಯದು ಬೇಡ. ಇರುವುದರಲ್ಲೇ ಎರಡನ್ನು ಹರಿಯುವವರೆಗೆ ಬಳಸಿ.

ವಿಮಾನದ ವಿಷಯ ಬರೆಯಲು ನನಗೂ ಸ್ವಲ್ಪ ಕಷ್ಟ, ಮಗಳನ್ನು ನೋಡಬೇಡಿ ಎಂದು ಯಾರು ಹೇಳುತ್ತಾರೆ? ಆದರೂ ತೂಕ ಮುಚ್ಚಿಡಲಾಗದು. ಒಂದು ಕಡೆಗೆ 7,000 ಕಿ.ಮೀ. ದೂರ ಎಂದಿಟ್ಟುಕೊಂಡರೆ ಹೋಗಿ ಬರಲು ಒಬ್ಬರ ಪಾಲು 1 ಟನ್‌ಗೂ ಮೇಲೆ. ಎತ್ತರದಲ್ಲಿ ವಿಮಾನ ಬಿಟ್ಟುಹೋಗುವ ಬಿಳಿ ಗೆರೆಗಳೂ ಶಾಖ ಹಿಡಿಯುತ್ತವೆ. ಅದು ಈ ಲೆಕ್ಕದಲ್ಲಿ ಸೇರಿಲ್ಲ.

ಹತ್ತು ಗಿಡ ಇದನ್ನು ಸರಿದೂಗಿಸುವುದಿಲ್ಲ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಹೀರುವುದು ಅಂದಾಜು 20 ಕೆ.ಜಿ. ಎಳೇ ಸಸಿ ಮೊದಲ ವರ್ಷಗಳಲ್ಲಿ ಹೆಚ್ಚು ಕಡಿಮೆ ಏನೂ ಹೀರುವುದಿಲ್ಲ. ಕೆಲವು ಸಸಿ ಒಣಗುತ್ತವೆ. ಮುಂದೆಂದೋ ಮರ ಕಡಿದು ಸುಟ್ಟರೆ ಹಿಡಿದಿಟ್ಟದ್ದೆಲ್ಲ ವಾಪಸ್. ಗಿಡ ನೆಡಿ, ನೆರಳಿಗೆ, ಹಕ್ಕಿಗಳಿಗೆ, ಮಣ್ಣಿಗೆ ನೆಡಿ. ವಿಮಾನದ ಟಿಕೆಟ್ಟಿಗೆ ರಶೀದಿ ಎಂದು ಮಾತ್ರ ತಿಳಿಯಬೇಡಿ.

ಹಾಗಾದರೆ ಏನು ಮಾಡಬಹುದು? ವರ್ಷಕ್ಕೊಮ್ಮೆ ಎರಡು ವಾರ ಹೋಗುವ ಬದಲು ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳು ಹೋಗಿ ಇರಬಹುದಾ ನೋಡಿ. ಮಗಳ ಜೊತೆ ಇರುವ ದಿನಗಳು ಹೆಚ್ಚುತ್ತವೆ, ಹೊಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದು ಹತ್ತುವ ವಿಮಾನಕ್ಕಿಂತ ನೇರ ವಿಮಾನ ಒಳ್ಳೆಯದು. ಮಾಮೂಲಿ ಸೀಟೇ ಸಾಕು, ಬಿಸಿನೆಸ್ ಕ್ಲಾಸ್ ಹೆಚ್ಚು ಜಾಗ ತಿನ್ನುವುದರಿಂದ ತಲಾ ಹೊಗೆಯೂ ಜಾಸ್ತಿ. ಇದಾವುದೂ ಆಗದಿದ್ದರೆ ಹೋಗಿ ಬನ್ನಿ. ಉಳಿದ ಕಡೆ ಕಡಿಮೆ ಮಾಡಿ. ಅದಕ್ಕಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಎರಡು ಆಪ್ ಎರಡು ಉತ್ತರ ಕೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಬರೀ ಕಾರ್ಬನ್ ಡೈಆಕ್ಸೈಡ್ ಎಣಿಸಬಹುದು, ಇನ್ನೊಂದು ಮೀಥೇನ್ ಮುಂತಾದ ಎಲ್ಲ ಅನಿಲಗಳನ್ನೂ ಸೇರಿಸಬಹುದು. ಒಂದು ಮನೆಯ ಕರೆಂಟು, ಪೆಟ್ರೋಲ್ ಮಾತ್ರ ಹಿಡಿಯುತ್ತದೆ. ಇನ್ನೊಂದು ನೀವು ಕೊಂಡ ಬಟ್ಟೆ, ಫೋನು, ರಸ್ತೆ ಆಸ್ಪತ್ರೆಗಳಲ್ಲಿ ನಿಮ್ಮ ಪಾಲನ್ನೂ ಹಿಡಿಯುತ್ತದೆ. ಒಂದನ್ನೇ ಇಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಇಳಿಯಿತೇ ಎಂದು ನೋಡಿ, ಸಾಕು.

ನಿಮ್ಮ ತಮ್ಮನ ಮಾತು ಅರ್ಧ ಸರಿ. ಆ 71% ಬಂದದ್ದು 2017ರ ಕಾರ್ಬನ್ ಮೇಜರ್ಸ್ ವರದಿಯಿಂದ. 1988ರಿಂದ ಈಚೆಗಿನ ಕೈಗಾರಿಕಾ ಹೊರಸೂಸುವಿಕೆಯಲ್ಲಿ ಅಷ್ಟು ಪಾಲನ್ನು ಕಲ್ಲಿದ್ದಲು, ತೈಲ, ಅನಿಲ ತೆಗೆಯುವ 100 ಉತ್ಪಾದಕರ ಹೆಸರಿಗೆ ಅದು ಬರೆಯಿತು. ಆದರೆ ಅದರಲ್ಲಿ ಹೆಚ್ಚಿನ ಪಾಲು ಅವರು ಮಾರಿದ ಇಂಧನವನ್ನು ಕೊಂಡವರು ಸುಟ್ಟಾಗ ಬಂದ ಹೊಗೆ. ನಿಮ್ಮ ಕಾರಿನ 270 ಲೀಟರ್ ಕೂಡ ಅದರೊಳಗೇ ಇದೆ. ಕಂಪನಿಯದ್ದು ಬೇರೆ, ನಮ್ಮದು ಬೇರೆ ಎಂದು ಎರಡು ರಾಶಿ ಇಲ್ಲ. ಅದೇ ಸಮಯಕ್ಕೆ ಇನ್ನೊಂದೂ ನಿಜ. ಕಾರ್ಬನ್ ಹೆಜ್ಜೆಗುರುತು ಎಂಬ ಮಾತನ್ನು 2000ರ ದಶಕದಲ್ಲಿ ಜಾಹೀರಾತುಗಳ ಮೂಲಕ ಮನೆಮಾತಾಗಿಸಿದ್ದು ಬಿಪಿ ಎಂಬ ತೈಲ ಕಂಪನಿ. ಎಲ್ಲ ಹೊರೆಯನ್ನೂ ಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಮ್ಮ ಊರಿಗೆ ಬರುವ ಕರೆಂಟು ಕಲ್ಲಿದ್ದಲಿನದ್ದೋ ಗಾಳಿಯದ್ದೋ ಎಂದು ನೀವೊಬ್ಬರೇ ತೀರ್ಮಾನ ಮಾಡಲಾಗದು. ಬಸ್ಸಿಲ್ಲದ ಕಡೆ ಬಸ್ಸಿನಲ್ಲಿ ಹೋಗಿ ಎಂದರೆ ಹೇಗೆ? ಅದನ್ನು ಕೇಳಬೇಕಾದ ಕಡೆ ನಾಲ್ಕು ಜನ ಸೇರಿ ಕೇಳಬೇಕು. ಆ ಕೆಲಸಕ್ಕೆ ನಿಮ್ಮ ತಮ್ಮನನ್ನೇ ಕರೆದುಕೊಂಡು ಹೋಗಿ.

ಮನೆಯ ಜಗಳದ ಬಗ್ಗೆ ನನ್ನ ಅನುಭವ ಇಷ್ಟು. ದಿನಾ ಕಾವಲು ಕಾಯಬೇಕಾದ ಉಳಿತಾಯ ಮೂರು ತಿಂಗಳು ನಿಲ್ಲುವುದಿಲ್ಲ. ಒಮ್ಮೆ ಮಾಡಿ ಮರೆತುಬಿಡುವಂಥದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಶವರ್ ಬದಲಾಯಿಸಿದರೆ ಮಗನಿಗೆ "ಬೇಗ ಬಾರೋ" ಎಂದು ಬಾಗಿಲು ಬಡಿಯಬೇಕಾಗಿಲ್ಲ. ಲೀಕ್ ಮುಚ್ಚಿದರೆ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಚಾರ್ಜರ್ ವಿಷಯಕ್ಕೆ ಯಜಮಾನರ ಹತ್ತಿರ ಇವತ್ತೇ ರಾಜಿ ಮಾಡಿಕೊಳ್ಳಿ.

ಬೇಸಿಗೆ ಶುರುವಾಗುವ ಮುಂಚೆ, ಮೆಕ್ಯಾನಿಕ್‌ಗಳಿಗೆ ಬಿಡುವಿರುವಾಗಲೇ ಎಸಿ ತೋರಿಸಿ. ಹೊರಗಿನ ಯಂತ್ರದ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಗ್ಯಾಸಿನ ಹೆಸರು ಮತ್ತು ಅದರ ತೂಕ ಇರುತ್ತದೆ. ಅವೆರಡನ್ನೂ, ಕಳೆದ ಬೇಸಿಗೆಯಲ್ಲಿ ಎಷ್ಟು ತುಂಬಿಸಿದ್ದರು ಎಂಬುದನ್ನೂ ಬರೆದು ಕಳಿಸಿ. ಎಷ್ಟು ಸೋರಿದೆ ಎಂದು ಲೆಕ್ಕ ಹಾಕಿ, ರಿಪೇರಿಯೋ ಹೊಸದೋ ಎಂದು ಹೇಳುತ್ತೇನೆ.